ಎಲ್ಲ ಮಕ್ಕಳೊಂದಿಗೆ ಕಾಗದದ ವಿಮಾನ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಅಂಗನವಾಡಿ ಕಾರ್ಯಕರ್ತೆಯರು, ನಲಿ-ಕಲಿ ತರಗತಿಗಳ ಶಿಕ್ಷಕರು ಮತ್ತು ಚಿಕ್ಕ ಮಕ್ಕಳ ತಂದೆತಾಯಂದಿರು ಕಾಗದದ ವಿಮಾನದ ಚಟುವಟಿಕೆಯ ಬಗ್ಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಕೋಣೆಯ ತುಂಬ ಓಡಾಡುವ ಮಗು, ವೀಲ್‌ಚೇರಿನಲ್ಲಿ ಕೂತ ಮಗು, ಕಣ್ಣು ಕಾಣದ ಮಗು, ಕಿವಿ ಕೇಳದ ಮಗು, ಮಾತು ತಡವಾದ ಮಗು, ಇವರೆಲ್ಲ ಒಂದೇ ಗುಂಪಿನಲ್ಲಿ ಕೂತಿದ್ದಾರೆ ಎಂದು ಭಾವಿಸಿಯೇ ಈ ಉತ್ತರಗಳನ್ನು ಬರೆದಿದ್ದೇನೆ. ಮಗುವಿಗೆ ತಕ್ಕಂತೆ ಕೆಲಸವನ್ನು ಬದಲಾಯಿಸಬೇಕು ಮತ್ತು ವಿಮಾನ ಗಾಳಿಗೆ ಸೇರುವ ಕ್ಷಣ ಆ ಮಗುವಿನ ಕೈಯಲ್ಲೇ ಇರಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಮುಂದಿನ ಸಲಹೆಗಳೆಲ್ಲ ಅದರಿಂದಲೇ ಹುಟ್ಟಿವೆ.

ಯಾವ ವಯಸ್ಸಿನಲ್ಲಿ ಆರಂಭಿಸಬಹುದು?

ಮೂರು ವರ್ಷದ ಮಗು ಕಾಗದವನ್ನು ಮುದುಡುತ್ತದೆ, ಹರಿಯುತ್ತದೆ ಮತ್ತು ಯಾರೋ ಮಡಚಿ ಕೊಟ್ಟ ವಿಮಾನವನ್ನು ಸಂತೋಷದಿಂದ ಎಸೆಯುತ್ತದೆ. ನಾಲ್ಕರ ಹೊತ್ತಿಗೆ ಹಾಳೆಯನ್ನು ಅಂದಾಜಿನಲ್ಲಿ ಅರ್ಧಕ್ಕೆ ಮಡಚುವುದು ಅನೇಕ ಮಕ್ಕಳಿಗೆ ಬರುತ್ತದೆ. ಮೂಲೆಯನ್ನು ನಡುಗೆರೆಗೆ ತಂದು ಕೂರಿಸುವ ಕೆಲಸ ಐದಾರು ವರ್ಷಕ್ಕೆ ಒಗ್ಗುತ್ತದೆ. ಆದರೆ ಈ ವಯಸ್ಸುಗಳನ್ನು ಅಳತೆಗೋಲಿನಂತೆ ಬಳಸಬಾರದು. ಎಂಟು ವರ್ಷವಾದರೂ ಮೂಲೆ ಕೂರಿಸಲು ಕಷ್ಟಪಡುವ ಮಗುವಿರುತ್ತದೆ ಮತ್ತು ಆ ಮಗುವಿಗೂ ಹಾರಿಸುವ ಹಂಬಲ ಇತರರಷ್ಟೇ ಇರುತ್ತದೆ. ಆದ್ದರಿಂದ ಮಗುವಿನ ವಯಸ್ಸು ಎಷ್ಟೆಂದು ಕೇಳುವ ಬದಲು, ಇವತ್ತು ಈ ಮಗುವಿನ ಕೈ ಏನು ಮಾಡುತ್ತಿದೆ ಎಂಬುದನ್ನು ನೋಡಿ ಆರಂಭಿಸುವುದು ಒಳ್ಳೆಯದು.

ಎಂತಹ ಕಾಗದ ಬೇಕು?

ಜೆರಾಕ್ಸ್ ಅಂಗಡಿಯಲ್ಲಿ ಸಿಗುವ 70 ಅಥವಾ 75 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ತೂಗುವ ಗ್ರಾಂ) ದಪ್ಪದ ಎ4 ಹಾಳೆ ಎಲ್ಲಕ್ಕಿಂತ ಅನುಕೂಲಕರ. ಅದರ ಅಳತೆ 210 ಮತ್ತು 297 ಮಿಲಿಮೀಟರ್. 75 ಜಿಎಸ್‌ಎಂ ಹಾಳೆಯೊಂದರ ತೂಕ ಐದು ಗ್ರಾಂಗಿಂತ ಸ್ವಲ್ಪ ಕಡಿಮೆ. ಹೊಸ ಹಾಳೆಯೇ ಆಗಬೇಕೆಂದಿಲ್ಲ. ಶಾಲೆಯಲ್ಲಿ ಉಳಿದ ಹಳೆಯ ಪ್ರಶ್ನೆಪತ್ರಿಕೆಗಳು, ಒಂದು ಬದಿ ಖಾಲಿ ಇರುವ ಸುತ್ತೋಲೆಗಳು, ಮುಗಿದುಹೋದ ನೋಟ್‌ಬುಕ್ಕಿನ ಹಾಳೆಗಳು ಚೆನ್ನಾಗಿಯೇ ಹಾರುತ್ತವೆ. ದಿನಪತ್ರಿಕೆಯ ಕಾಗದ ತೆಳುವಾದ್ದರಿಂದ ರೆಕ್ಕೆ ಜೋತುಬೀಳುತ್ತದೆ, ಆದರೆ ಅರ್ಧ ಪುಟವನ್ನು ಎರಡು ಪದರವಾಗಿಸಿಕೊಂಡರೆ ದೊಡ್ಡ ಗಾತ್ರದ, ನಿಧಾನವಾಗಿ ತೇಲುವ ವಿಮಾನವಾಗುತ್ತದೆ. ಬೆರಳುಗಳ ಹಿಡಿತ ಸಡಿಲವಾಗಿರುವ ಮಕ್ಕಳಿಗೆ ಈ ಗಾತ್ರ ಹಿತವಾಗಿರುತ್ತದೆ. ಗೋಡೆ ಕ್ಯಾಲೆಂಡರಿನ ಹಾಳೆ ಮತ್ತು ಮದುವೆ ಪತ್ರಿಕೆ ತೀರ ಗಡುಸು, ಅವುಗಳ ಮಡಿಕೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಮಂಡಕ್ಕಿ, ಮಿರ್ಚಿ ಕಟ್ಟಿದ ಎಣ್ಣೆ ಕಾಗದವನ್ನು ಮಾತ್ರ ಮಕ್ಕಳು ಎಷ್ಟು ಆಸೆಪಟ್ಟರೂ ಬಳಸದಿರುವುದು ಲೇಸು. ಎಣ್ಣೆಯ ಭಾರಕ್ಕೆ ಅದು ಹಾರುವುದಿಲ್ಲ, ಕೈಯೆಲ್ಲ ಜಾರುತ್ತದೆ.

ಕಾಗದ ಗಾಳಿಯ ತೇವವನ್ನು ಹೀರಿಕೊಂಡು ಮೆತ್ತಗಾಗುವುದರಿಂದ ಮಳೆಗಾಲದಲ್ಲಿ ಹಾಳೆಗಳನ್ನು ಮುಚ್ಚಿದ ಟ್ರಂಕಿನಲ್ಲೋ ಪ್ಲಾಸ್ಟಿಕ್ ಚೀಲದಲ್ಲೋ ಇಡಬೇಕು.

ಮೊದಲು ಯಾವ ವಿಮಾನ ಕಲಿಸಬೇಕು?

ಮಕ್ಕಳು ‘ರಾಕೆಟ್’ ಎಂದು ಕರೆಯುವ ಚೂಪು ಮೂತಿಯ ವಿಮಾನವೇ ಎಲ್ಲರಿಗೂ ಗೊತ್ತಿರುವಂಥದು. ಹಾಳೆಯನ್ನು ಉದ್ದಕ್ಕೆ ಅರ್ಧ ಮಡಚಿ ಬಿಚ್ಚಿದರೆ ನಡುಗೆರೆ ಮೂಡುತ್ತದೆ. ಮೇಲಿನ ಎರಡು ಮೂಲೆಗಳನ್ನು ಆ ಗೆರೆಗೆ ತಂದು ಮಡಚಬೇಕು. ಹೀಗೆ ಆದ ಓರೆ ಅಂಚುಗಳನ್ನು ಇನ್ನೊಮ್ಮೆ ಗೆರೆಗೆ ತರಬೇಕು. ನಡುಗೆರೆಯ ಮೇಲೆ ಇಡೀ ಹಾಳೆಯನ್ನು ಮಡಚಿ, ಎರಡು ಬದಿಯ ರೆಕ್ಕೆಗಳನ್ನು ಕೆಳಗಿಳಿಸಿ, ಕೊನೆಗೆ ರೆಕ್ಕೆಗಳು ಅಡ್ಡಕ್ಕೆ ಬರುವಂತೆ ಬಿಡಿಸಬೇಕು. ಮುಂದಿನಿಂದ ನೋಡಿದಾಗ ರೆಕ್ಕೆಗಳ ತುದಿ ಬೆನ್ನಿಗಿಂತ ಸ್ವಲ್ಪ ಮೇಲಿದ್ದರೆ ವಿಮಾನ ಅಡ್ಡಾದಿಡ್ಡಿ ಉರುಳುವುದಿಲ್ಲ.

ಹೇಳಿಕೊಡುವಾಗ ಹಾಳೆಯ ಎಡ ಅರ್ಧಕ್ಕೆ ಒಂದು ಬಣ್ಣ, ಬಲ ಅರ್ಧಕ್ಕೆ ಇನ್ನೊಂದು ಬಣ್ಣ ಹಚ್ಚಿಸಿಕೊಂಡರೆ ‘ಎಡಮೂಲೆ’, ‘ಬಲಮೂಲೆ’ ಎಂಬ ಮಾತುಗಳಲ್ಲಿ ಮಕ್ಕಳು ಗೊಂದಲಕ್ಕೆ ಬೀಳುವುದಿಲ್ಲ. ನೀವು ಮಕ್ಕಳ ಎದುರು ಕೂತು ಮಡಚಿದರೆ ಅವರಿಗೆ ಎಲ್ಲವೂ ತಿರುಗುಮುರುಗಾಗಿ ಕಾಣುತ್ತದೆ. ಅವರ ಪಕ್ಕದಲ್ಲಿ, ಅವರು ನೋಡುವ ದಿಕ್ಕಿಗೇ ಮುಖ ಮಾಡಿ ಕೂರಬೇಕು. ಒಂದು ಮಡಿಕೆಯಾದ ಮೇಲೆ ಎಲ್ಲರ ಹಾಳೆಯೂ ಅಲ್ಲಿಗೆ ಬಂದಿದೆಯೇ ಎಂದು ನೋಡಿದ ನಂತರವೇ ಮುಂದಿನ ಮಡಿಕೆಗೆ ಹೋಗಬೇಕು.

ಮಡಚುವುದು ತೀರ ಕಷ್ಟವಾದ ಮಗುವಿಗೆ ಬೇರೆ ವಿಮಾನವಿದೆಯೇ?

ಇದೆ, ಮತ್ತು ಅದು ರಾಕೆಟ್‌ಗಿಂತ ಯಾವ ರೀತಿಯಲ್ಲೂ ಕಡಿಮೆಯದಲ್ಲ. ಒಂದು ಹೀರುಕೊಳವೆಯನ್ನು, ಅಂದರೆ ಎಳನೀರು ಅಂಗಡಿಯಲ್ಲಿ ಕೊಡುವ ಸ್ಟ್ರಾವನ್ನು ತೆಗೆದುಕೊಳ್ಳಿ. ಎರಡೂವರೆ ಸೆಂಟಿಮೀಟರ್ ಅಗಲದ ಎರಡು ಕಾಗದದ ಪಟ್ಟಿಗಳು ಬೇಕು. ಒಂದು ಸುಮಾರು 13 ಸೆಂಟಿಮೀಟರ್ ಉದ್ದ, ಇನ್ನೊಂದು ಅದರ ಎರಡರಷ್ಟು. ಎರಡನ್ನೂ ಬಳೆಯ ಆಕಾರಕ್ಕೆ ಸುತ್ತಿ ಟೇಪು ಅಂಟಿಸಿ, ಚಿಕ್ಕ ಬಳೆಯನ್ನು ಸ್ಟ್ರಾದ ಮುಂದಿನ ತುದಿಗೂ ದೊಡ್ಡ ಬಳೆಯನ್ನು ಹಿಂದಿನ ತುದಿಗೂ ಒಂದೇ ಸಾಲಿನಲ್ಲಿ ಅಂಟಿಸಬೇಕು. ಚಿಕ್ಕ ಬಳೆ ಮುಂದಿರುವಂತೆ ಮೆಲ್ಲಗೆ ತಳ್ಳಿದರೆ ಅದು ನೇರವಾಗಿ ತೇಲಿಹೋಗುತ್ತದೆ. ಇಲ್ಲಿ ಒಂದೂ ಮಡಿಕೆಯಿಲ್ಲ.

ಇನ್ನೊಂದು ಬಗೆಯೂ ಸುಲಭ. ಎ4 ಹಾಳೆಯ ಅರ್ಧವನ್ನು ತೆಗೆದುಕೊಂಡು, ಉದ್ದನೆಯ ಅಂಚನ್ನು ಬೆರಳಗಲದಷ್ಟು ಮೂರು ನಾಲ್ಕು ಸಲ ಮಡಚುತ್ತ ಬಂದು, ಎರಡು ತುದಿಗಳನ್ನು ಸೇರಿಸಿ ಟೇಪು ಹಾಕಿದರೆ ದಪ್ಪ ಅಂಚಿನ ಬಳೆಯೊಂದು ಸಿದ್ಧವಾಗುತ್ತದೆ. ದಪ್ಪ ಅಂಚನ್ನು ಮುಂದೆ ಮಾಡಿ ಎಸೆಯಬೇಕು. ಮಡಿಕೆ ಕೊಂಚ ವಕ್ರವಾದರೂ ಇದು ಹಾರುತ್ತದೆ, ಮೂತಿ ಚೂಪಾಗಿಲ್ಲದ್ದರಿಂದ ಕಣ್ಣಿಗೆ ತಗಲುವ ಭಯವೂ ಕಡಿಮೆ. ಈ ಎರಡು ಬಗೆಗಳನ್ನು ಮಡಚಲಾರದ ಮಗುವಿಗೆಂದು ಪ್ರತ್ಯೇಕವಾಗಿ ಎತ್ತಿಡದೆ ಇಡೀ ತರಗತಿಗೆ ಮಾಡಿಸಬೇಕು. ಎಲ್ಲರ ಕೈಯಲ್ಲೂ ಬಳೆ ವಿಮಾನವಿದ್ದಾಗ ಅದು ಯಾರದೋ ಒಬ್ಬರ ‘ಸುಲಭದ ವಿಮಾನ’ ಎನಿಸಿಕೊಳ್ಳುವುದಿಲ್ಲ.

ಒಂದೇ ಕೈ ಬಳಸುವ ಅಥವಾ ಕೈ ಬಿಗಿಯಾಗಿರುವ ಮಗು ಹೇಗೆ ಮಡಚಬೇಕು?

ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲುಗಳ ಚಲನೆಗೆ ಅಡ್ಡಿಯಾಗುವ ಸ್ಥಿತಿ ಇರುವ ಅನೇಕ ಮಕ್ಕಳಲ್ಲಿ ಒಂದು ಕೈ ಚುರುಕಾಗಿದ್ದು ಇನ್ನೊಂದು ಕೈ ಮುಷ್ಟಿ ಕಟ್ಟಿಕೊಂಡಿರುತ್ತದೆ. ಇಂತಹ ಮಗುವಿಗೆ ಮಡಚುವುದು ಅಷ್ಟು ಕಷ್ಟವಲ್ಲ, ಮಡಚುವಾಗ ಹಾಳೆ ಜಾರದಂತೆ ಹಿಡಿಯುವುದೇ ಕಷ್ಟ. ಮಕ್ಕಳು ಪರೀಕ್ಷೆಗೆ ಒಯ್ಯುವ ಕ್ಲಿಪ್ಪಿನ ರೈಟಿಂಗ್ ಪ್ಯಾಡು ಇಲ್ಲಿ ಅತ್ಯಂತ ಉಪಯುಕ್ತ ಸಾಧನ. ಹಾಳೆಯ ಕೆಳ ಅಂಚನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಪ್ಯಾಡಿನ ಅಡಿಯಲ್ಲಿ ಹಿಂಡಿದ ಒದ್ದೆ ಬಟ್ಟೆಯೊಂದನ್ನು ಹಾಸಿದರೆ ಪ್ಯಾಡೂ ಜಾರದು, ಹಾಳೆಯೂ ಸರಿಯದು.

ನಾನು ಹತ್ತಿರದಿಂದ ನೋಡಿದ ಒಬ್ಬ ಹುಡುಗನ ಕ್ರಮ ಹೀಗಿತ್ತು. ಅವನು ಬಲಗೈಯ ಹೆಬ್ಬೆರಳಿನಿಂದ ಮೂಲೆಯನ್ನು ಎತ್ತಿ ನಡುಗೆರೆಗೆ ತರುತ್ತಿದ್ದ, ಬಿಗಿಯಾದ ಎಡಗೈಯ ಮೊಣಕೈಯನ್ನು ಆ ಮೂಲೆಯ ಮೇಲೆ ಊರುತ್ತಿದ್ದ, ನಂತರ ಬಲಗೈಗೆ ಒಂದು ಚಿಕ್ಕ ಲಟ್ಟಣಿಗೆ ತೆಗೆದುಕೊಂಡು ಮಡಿಕೆಯ ಮೇಲೆ ಒಮ್ಮೆ ಉರುಳಿಸುತ್ತಿದ್ದ. ಬೆರಳಿನಿಂದ ತೀಡಿದವರ ಮಡಿಕೆಗಿಂತ ಅವನದೇ ಚೂಪಾಗಿತ್ತು. ಇದನ್ನು ನೋಡಿದ ಪಕ್ಕದ ಹುಡುಗಿ, “ಟೀಚರ್, ನನಗೂ ಲಟ್ಟಣಿಗೆ ಕೊಡ್ರಿ” ಎಂದು ಕೈ ಚಾಚಿದಳು. ಲಟ್ಟಣಿಗೆ ಇಲ್ಲದಿದ್ದರೆ ಸ್ಟೀಲ್ ಲೋಟ ಸಾಕು.

ಇನ್ನೊಂದು ಪೂರ್ವಸಿದ್ಧತೆಯಿಂದ ಬಹಳ ಉಪಯೋಗವಾಗುತ್ತದೆ. ಇಂಕು ಮುಗಿದ ಬಾಲ್‌ಪೆನ್ನನ್ನು ಸ್ಕೇಲಿನ ಪಕ್ಕದಲ್ಲಿ ಒತ್ತಿ ಎಳೆದು, ಮಡಿಕೆ ಬರಬೇಕಾದ ಕಡೆಯಲ್ಲೆಲ್ಲ ಮೊದಲೇ ತಗ್ಗು ಗೆರೆ ಹಾಕಿಟ್ಟರೆ, ಮಗು ಅಂಚನ್ನು ತಳ್ಳಿದ ಕೂಡಲೇ ಹಾಳೆ ತಾನಾಗಿ ಆ ಗೆರೆಯಲ್ಲೇ ಮಡಚಿಕೊಳ್ಳುತ್ತದೆ. ಕೈಯ ಬಿಗಿತ ಆತಂಕದಿಂದಲೂ ಅವಸರದಿಂದಲೂ ಹೆಚ್ಚುವುದರಿಂದ, ಇಂತಹ ಮಗುವಿನ ಎದುರು ‘ಬೇಗ ಬೇಗ’ ಎನ್ನಬಾರದು. ಕುರ್ಚಿಯಲ್ಲಿ ಪಾದಗಳು ನೆಲಕ್ಕೋ ಮಣೆಗೋ ಊರಿಕೊಂಡಿವೆಯೇ ಎಂದೂ ನೋಡಬೇಕು. ಕಾಲು ತೂಗಾಡುತ್ತಿದ್ದರೆ ಕೈಗೆ ಸ್ಥಿರತೆ ಬರುವುದಿಲ್ಲ.

ಸಮಯ ಉಳಿಸಲು ನಾವೇ ಮಡಚಿ ಕೊಟ್ಟರೆ ತಪ್ಪೇನು?

ಇಡೀ ವಿಮಾನವನ್ನು ದೊಡ್ಡವರು ಮಡಚಿ ಕೊಟ್ಟಾಗ ಮಗುವಿಗೆ ಸಿಗುವುದು ಒಂದು ಆಟಿಕೆ, ಅಷ್ಟೇ. ಹಾಗೆಂದು ಎಲ್ಲವನ್ನೂ ಮಗುವೇ ಮಾಡಲಿ ಎಂದು ಹಟ ಹಿಡಿದರೂ ಮಗು ಸೋತು ಹಾಳೆಯನ್ನು ಪಕ್ಕಕ್ಕೆ ತಳ್ಳುತ್ತದೆ. ವಿಶೇಷ ಶಿಕ್ಷಕರು ಬಳಸುವ ಒಂದು ಕ್ರಮ ಇಲ್ಲಿ ಚೆನ್ನಾಗಿ ಹೊಂದುತ್ತದೆ: ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಕಲಿಸುವುದು. ಮೊದಲ ದಿನ ಎಲ್ಲ ಮಡಿಕೆಗಳನ್ನು ನೀವು ಮಾಡಿ, ರೆಕ್ಕೆ ಬಿಡಿಸುವುದನ್ನು ಮಾತ್ರ ಮಗುವಿಗೆ ಬಿಡಿ. ಅದು ಕೈಗೆ ಹತ್ತಿದ ಮೇಲೆ ರೆಕ್ಕೆ ಇಳಿಸುವುದನ್ನೂ ಬಿಡಿ, ನಂತರ ನಡುಗೆರೆಯ ಮಡಿಕೆಯನ್ನು. ಹೀಗೆ ಮಾಡಿದಾಗ ಪ್ರತಿ ಸಲವೂ ಕೆಲಸವನ್ನು ಮುಗಿಸುವುದು ಮಗುವಿನ ಕೈ, ಮುಗಿಸಿದ ತಕ್ಷಣ ಹಾರಿಸುವ ಸಂತೋಷವೂ ಅದರದ್ದೇ.

ಮಗು ಮಡಚಿದ ವಿಮಾನ ಸೊಟ್ಟಗಿದ್ದರೆ ಅದನ್ನು ಕದ್ದುಮುಚ್ಚಿ ತಿದ್ದಬೇಡಿ. ಮಕ್ಕಳಿಗೆ ಇದು ಕೂಡಲೇ ಗೊತ್ತಾಗುತ್ತದೆ ಮತ್ತು ಬಹಳ ನೋಯಿಸುತ್ತದೆ. ಸೊಟ್ಟಗಿರುವ ವಿಮಾನವೂ ಒಮ್ಮೆ ಹಾರಲಿ, ಅದು ಎತ್ತ ತಿರುಗಿತು ಎಂದು ಇಬ್ಬರೂ ನೋಡಿ, ಮುಂದಿನ ತಿದ್ದುಪಡಿಯನ್ನು ಮಗುವಿಗೇ ಕೇಳಿ ಮಾಡಿ.

ಕಣ್ಣು ಕಾಣದ ಅಥವಾ ದೃಷ್ಟಿ ಮಂದವಾಗಿರುವ ಮಗುವಿಗೆ ಈ ಚಟುವಟಿಕೆಯಲ್ಲಿ ಏನಿದೆ?

ಮಡಚುವುದು ಮೂಲತಃ ಬೆರಳುಗಳ ಕೆಲಸ. ಮೂಲೆ, ಅಂಚು, ಮಡಿಕೆ, ಪದರ ಇವೆಲ್ಲ ಮುಟ್ಟಿದರೆ ತಿಳಿಯುತ್ತವೆ. ನಡುಗೆರೆಯ ಮೇಲೆ ಫೆವಿಕಾಲಿನಿಂದ ಹೊಲಿಗೆಯ ದಾರ ಅಂಟಿಸಿ ಒಣಗಿಸಿಟ್ಟರೆ ಮೂಲೆಯನ್ನು ಎಲ್ಲಿಗೆ ತರಬೇಕೆಂದು ಮಗು ತಾನೇ ಕಂಡುಕೊಳ್ಳುತ್ತದೆ. ಕಲಿಸುವಾಗ ಮಗುವಿನ ಕೈಯನ್ನು ಮೇಲಿನಿಂದ ಹಿಡಿದು ಎಳೆಯುವ ಬದಲು, ನಿಮ್ಮ ಕೈಗಳು ಕೆಳಗಿದ್ದು ಮಗುವಿನ ಕೈಗಳು ಅವುಗಳ ಮೇಲಿರಲಿ. ಆಗ ಮಗು ನಿಮ್ಮ ಚಲನೆಯನ್ನು ಓದುತ್ತದೆ, ಬೇಡವೆನಿಸಿದಾಗ ಕೈ ತೆಗೆಯುವ ಸ್ವಾತಂತ್ರ್ಯವೂ ಅದಕ್ಕಿರುತ್ತದೆ.

ಹಾರಾಟವನ್ನು ಕೇಳಿಸುವಂತೆ ಮಾಡಬೇಕು. ಮೂತಿಯ ಒಳಮಡಿಕೆಗೆ ಅತಿ ಚಿಕ್ಕದಾದ ಒಂದು ಗೆಜ್ಜೆಯನ್ನು ಟೇಪಿನಿಂದ ಅಂಟಿಸಬಹುದು. ದೊಡ್ಡ ಕಾಲ್ಗೆಜ್ಜೆಯ ಮಣಿಯ ಭಾರಕ್ಕೆ ವಿಮಾನ ನೆಲಕ್ಕಿಳಿದುಬಿಡುತ್ತದೆ. ಎಸೆಯುವ ದಿಕ್ಕಿನ ಕೊನೆಯಲ್ಲಿ ಸ್ನೇಹಿತನೊಬ್ಬ ನಿಂತು ಚಪ್ಪಾಳೆ ತಟ್ಟುತ್ತಿದ್ದರೆ ಆ ಸದ್ದೇ ಗುರಿಯಾಗುತ್ತದೆ. ಒಂದು ಸ್ಟೀಲ್ ತಟ್ಟೆಯನ್ನು ದಾರದಲ್ಲಿ ತೂಗುಹಾಕಿದರೆ, ಮೂತಿ ತಗಲಿದಾಗ ಬರುವ ಸಣ್ಣ ಸದ್ದಿಗೆ ಇಡೀ ಕೋಣೆಯೇ ಕೂಗುತ್ತದೆ. ವಿಮಾನದ ಬಾಲಕ್ಕೆ ಉದ್ದನೆಯ ದಾರ ಕಟ್ಟಿ ಅದರ ತುದಿಯನ್ನು ಮಗುವಿನ ಕೈಯಲ್ಲಿ ಸಡಿಲವಾಗಿ ಬಿಟ್ಟರೆ ಅದು ಎಷ್ಟು ದೂರ ಹೋಯಿತು ಎಂಬುದು ದಾರವನ್ನು ಸುತ್ತಿಕೊಳ್ಳುವಾಗ ತಿಳಿಯುತ್ತದೆ. ವೀಲ್‌ಚೇರಿನ ಮಗುವಿಗೂ ಇದೇ ದಾರದಿಂದ ವಿಮಾನವನ್ನು ತಾನೇ ಹಿಂದಕ್ಕೆ ಎಳೆದುಕೊಳ್ಳಬಹುದು.

ದೃಷ್ಟಿ ಮಂದವಿರುವವರಿಗೆ ಗಾಢ ಬಣ್ಣದ ಹಾಳೆ, ಅದರ ನಡುಗೆರೆಗೆ ಹಳದಿ ಟೇಪು, ಹಿನ್ನೆಲೆಗೆ ಬಿಳಿ ಗೋಡೆ ಇರಲಿ. ಬೆಳಕು ಮಗುವಿನ ಬೆನ್ನ ಹಿಂದಿನಿಂದ ಬರುವಂತೆ ಕೂರಿಸಬೇಕು.

ಕಿವಿ ಕೇಳದ ಮಕ್ಕಳಿಗೆ ಹೇಗೆ ಹೇಳಿಕೊಡುವುದು?

ಇವರ ಕಣ್ಣೇ ಕಿವಿಯ ಕೆಲಸವನ್ನೂ ಮಾಡುತ್ತದೆ. ನೀವು ಮಡಚುತ್ತ ಮಾತನಾಡಿದರೆ ಅಥವಾ ಸನ್ನೆ ಮಾಡಿದರೆ ಮಗುವಿಗೆ ಹಾಳೆ ನೋಡುವುದೋ ನಿಮ್ಮನ್ನು ನೋಡುವುದೋ ಎಂಬ ಇಕ್ಕಟ್ಟು. ಮೊದಲು ಸನ್ನೆಯಿಂದ ಹೇಳಿ, ನಂತರ ಸನ್ನೆ ನಿಲ್ಲಿಸಿ ಒಂದು ಮಡಿಕೆ ಮಾಡಿ ತೋರಿಸಿ, ಆಮೇಲೆ ಮಗು ಮಾಡಲಿ. ‘ಒಂದು, ಎರಡು, ಮೂರು’ ಎನ್ನುವ ಬದಲು ಬಣ್ಣದ ಕರವಸ್ತ್ರವನ್ನು ಕೆಳಗಿಳಿಸಿದಾಗ ಎಲ್ಲರೂ ಎಸೆಯಬೇಕೆಂದು ಗೊತ್ತುಮಾಡಿದರೆ ಯಾರೂ ಹಿಂದೆ ಉಳಿಯುವುದಿಲ್ಲ.

ಆಟಿಸಂ ಇರುವ ಮಗು ಗಲಾಟೆಗೆ ಬೆದರುತ್ತದೆ, ಸರದಿ ಕಾಯುವುದಿಲ್ಲ. ಏನು ಮಾಡಬೇಕು?

ಮುಂದೆ ಏನಾಗುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ಬಹಳಷ್ಟು ಆತಂಕ ಕಳೆಯುತ್ತದೆ. ಪ್ರತಿ ಮಡಿಕೆಗೆ ಒಂದು ನಿಜವಾದ ಹಾಳೆಯನ್ನು ಆ ಹಂತದವರೆಗೆ ಮಡಚಿ, ರಟ್ಟಿಗೆ ಅಂಟಿಸಿ, ಗೋಡೆಯ ಮೇಲೆ ಸಾಲಾಗಿ ತೂಗುಹಾಕಿ. ಚಿತ್ರಕ್ಕಿಂತ ಮುಟ್ಟಿ ನೋಡಬಹುದಾದ ಈ ಸಾಲು ಹೆಚ್ಚು ಸ್ಪಷ್ಟ, ಕಣ್ಣು ಕಾಣದ ಮಗುವಿಗೂ ಅದು ಪಾಠವಾಗುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ನಿಲ್ಲುವ ಜಾಗವನ್ನು ಬರೆದು, ಸರದಿ ಬಂದವರ ಕೈಗೆ ಒಂದು ನಿಶ್ಚಿತ ವಸ್ತುವನ್ನು ಕೊಟ್ಟರೆ ‘ಈಗ ಯಾರದು’ ಎಂಬುದು ಕಣ್ಣಿಗೇ ಕಾಣುತ್ತದೆ.

ಕೆಲವು ಮಕ್ಕಳಿಗೆ ತಮ್ಮತ್ತ ಹಾರಿಬರುವ ವಸ್ತು ಸಹಿಸಲಾಗದು. ಅವರು ಎಸೆಯುವವರ ಹಿಂಬದಿಯಲ್ಲಿ ನಿಲ್ಲಲಿ. ವಿಮಾನಗಳನ್ನು ಹಾರಿಸದೆ ಸಾಲಾಗಿ ಜೋಡಿಸುವ ಮಗುವನ್ನು ತಡೆಯುವ ಅಗತ್ಯವಿಲ್ಲ. ಆ ಸಾಲನ್ನೇ ವಿಮಾನ ನಿಲ್ದಾಣವೆಂದು ಒಪ್ಪಿಕೊಂಡು, ಉಳಿದ ಮಕ್ಕಳು ತಮ್ಮ ವಿಮಾನವನ್ನು ಅಲ್ಲಿಂದಲೇ ಕೇಳಿ ಪಡೆಯುವಂತೆ ಮಾಡಿದರೆ ಆ ಮಗುವಿಗೂ ಆಟದೊಳಗೆ ಒಂದು ಜಾಗ ಸಿಗುತ್ತದೆ.

ಕೈ ಎತ್ತಿ ಎಸೆಯಲಾಗದ ಮಗು ಹೇಗೆ ಹಾರಿಸಬೇಕು?

ಉದ್ದನೆಯ ರಟ್ಟನ್ನು ನಡುವೆ ಮಡಚಿ ದೋಣಿಯಂತೆ ಮಾಡಿ, ಒಂದು ತುದಿಯನ್ನು ಬೆಂಚಿನ ಮೇಲೆ, ಇನ್ನೊಂದು ತುದಿಯನ್ನು ಅದಕ್ಕಿಂತ ಸ್ವಲ್ಪ ತಗ್ಗಿನಲ್ಲಿ ಇಟ್ಟರೆ ಅದೇ ರನ್‌ವೇ. ವಿಮಾನದ ಬೆನ್ನು ಆ ತಗ್ಗಿನಲ್ಲಿ ಕೂರುತ್ತದೆ, ಮಗು ಹಿಂದಿನಿಂದ ಒಂದು ಬೆರಳಿನಿಂದಲೋ ಮೊಣಕೈಯಿಂದಲೋ ತಳ್ಳಿದರೆ ಅದು ಜಾರಿ ಗಾಳಿಗೆ ಬೀಳುತ್ತದೆ. ಅಷ್ಟೂ ಆಗದ ಮಗುವಿಗೆ ವಿಮಾನದ ಮುಂದೆ ರಟ್ಟಿನ ತುಂಡೊಂದನ್ನು ತಡೆಯಾಗಿಟ್ಟು, ಅದಕ್ಕೆ ಕಟ್ಟಿದ ದಾರವನ್ನು ಮಗುವಿನ ಕೈಗೋ ಕಾಲಿಗೋ ಸಿಕ್ಕಿಸಬಹುದು. ಇಳಿಜಾರನ್ನು ಹೆಚ್ಚಿಸಿದ್ದರೆ ದಾರ ಎಳೆದ ಕೂಡಲೇ ವಿಮಾನ ಹೊರಡುತ್ತದೆ. ಯಾವಾಗ ಬಿಡಬೇಕೆಂಬ ತೀರ್ಮಾನ ಮಗುವಿನದು. ಬೇರೆಯವರು ಆ ದಾರವನ್ನು ಮುಟ್ಟಬಾರದು ಎಂಬ ನಿಯಮವನ್ನು ನಾನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ, ಮಗು ಎಷ್ಟೇ ಹೊತ್ತು ತೆಗೆದುಕೊಂಡರೂ ಸರಿಯೇ.

ಬೆರಳಲ್ಲಿ ಹಿಡಿತವಿಲ್ಲದೆ ತೋಳಿನಲ್ಲಿ ಶಕ್ತಿಯಿರುವ ಮಗುವಿಗೆ ವಿಮಾನದ ಕೆಳಬೆನ್ನಿಗೆ ಐಸ್‌ಕ್ರೀಮ್ ಕಡ್ಡಿಯೊಂದನ್ನು ಟೇಪಿನಿಂದ ಅಂಟಿಸಿದರೆ ಹಿಡಿಯಲು ದಪ್ಪ ಹಿಡಿಕೆ ಸಿಗುತ್ತದೆ. ಸ್ನಾಯು ಬೇಗ ದಣಿಯುವ ಮಕ್ಕಳಿಗೆ ಕಡಿಮೆ ಸಲ, ನಡುವೆ ವಿಶ್ರಾಂತಿಯೊಂದಿಗೆ ಎಸೆಯಲು ಬಿಡಬೇಕು.

ಎಸೆದ ಕೂಡಲೇ ವಿಮಾನ ಬೀಳುತ್ತದೆ. ಸರಿಪಡಿಸುವುದು ಹೇಗೆ?

ಮೊದಲು ಎಸೆಯುವ ರೀತಿಯನ್ನು ನೋಡಿ. ಹೆಚ್ಚಿನ ಮಕ್ಕಳು ಕ್ರಿಕೆಟ್ ಚೆಂಡು ಎಸೆದಂತೆ ಆಕಾಶಕ್ಕೆ ಬೀಸುತ್ತಾರೆ. ಅಗಲ ರೆಕ್ಕೆಯ ವಿಮಾನವನ್ನು ಭುಜದ ಮಟ್ಟದಿಂದ, ಮೂತಿ ಕೂದಲೆಳೆಯಷ್ಟು ಕೆಳಗಿರುವಂತೆ, ಮೆಲ್ಲಗೆ ಮುಂದಕ್ಕೆ ಬಿಡಬೇಕು. ರಾಕೆಟ್ ಮಾತ್ರ ತುಸು ಜೋರನ್ನು ತಡೆಯುತ್ತದೆ.

ಮೂತಿ ಮೇಲೆದ್ದು, ಕ್ಷಣ ನಿಂತು, ಹಿಂದಕ್ಕೆ ಕುಸಿದರೆ ಮುಂಭಾಗದಲ್ಲಿ ಭಾರ ಸಾಲದು; ಮೂತಿಗೆ ಒಂದು ಸುತ್ತು ಟೇಪು ಅಥವಾ ಚಿಕ್ಕ ಜೆಮ್ ಕ್ಲಿಪ್ ಹಾಕಬೇಕು. ನೇರ ನೆಲಕ್ಕೆ ಮುಗ್ಗರಿಸಿದರೆ ಎರಡೂ ರೆಕ್ಕೆಗಳ ಹಿಂದಿನ ಅಂಚನ್ನು ಸ್ವಲ್ಪವೇ ಮೇಲಕ್ಕೆ ಬಾಗಿಸಬೇಕು. ಎಡಕ್ಕೆ ತಿರುಗುತ್ತಿದ್ದರೆ ಬಲರೆಕ್ಕೆಯ ಹಿಂದಿನ ಅಂಚನ್ನು ಮೇಲಕ್ಕೆತ್ತಬೇಕು, ಬಲಕ್ಕೆ ತಿರುಗಿದರೆ ಎಡರೆಕ್ಕೆಯದ್ದನ್ನು. ಒಮ್ಮೆಗೆ ಒಂದೇ ಬದಲಾವಣೆ ಮಾಡಿ ಹಾರಿಸಿ ನೋಡಬೇಕು. ಎರಡು ಮೂರನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ಮಕ್ಕಳಿಗಿರಲಿ, ದೊಡ್ಡವರಿಗೂ ತಿಳಿಯುವುದಿಲ್ಲ.

ಎಂಜಿನ್ ಇಲ್ಲದೆ ಇದು ಹೇಗೆ ಹಾರುತ್ತದೆ ಎಂದು ಮಕ್ಕಳು ಕೇಳಿದರೆ?

ನಮ್ಮ ಭಾಗದ ಮಕ್ಕಳಿಗೆ ಹೇಳಲು ಅತ್ಯುತ್ತಮ ಉದಾಹರಣೆ ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ. ಚಳ್ಳಕೆರೆ ತಾಲ್ಲೂಕಿನಲ್ಲಿ ದೇಶದ ರಕ್ಷಣಾ ಸಂಶೋಧನೆ ನಡೆಸುವ ಡಿಆರ್‌ಡಿಒ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿದೆ. ಮತ್ತೆ ಮತ್ತೆ ಬಳಸಬಹುದಾದ ಬಾಹ್ಯಾಕಾಶ ವಾಹನವನ್ನು ಇಳಿಸುವ ಪ್ರಯೋಗಗಳನ್ನು ಇಸ್ರೋ ಅಲ್ಲಿಯೇ 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು 2024ರ ಜೂನ್ 23ರಂದು ನಡೆಸಿತು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ರೆಕ್ಕೆಯುಳ್ಳ ಆ ವಾಹನವನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ಎಂಜಿನ್ನಿನ ಬಲವಿಲ್ಲದೆ, ತನ್ನ ದಿಕ್ಕನ್ನು ತಾನೇ ತಿದ್ದಿಕೊಳ್ಳುತ್ತ ತೇಲಿಬಂದು ರನ್‌ವೇ ಮೇಲೆ ಇಳಿಯಿತು. ‘ಪುಷ್ಪಕ್’ ಎಂದು ಹೆಸರಾದ ಆ ವಾಹನಕ್ಕೂ ಮಗುವಿನ ಕೈಯ ಕಾಗದಕ್ಕೂ ಕೆಲಸ ಮಾಡುವ ನಿಯಮ ಒಂದೇ. ಭೂಮಿ ಕೆಳಕ್ಕೆ ಎಳೆಯುತ್ತದೆ, ಮುಂದೆ ಸಾಗುವಾಗ ರೆಕ್ಕೆಯ ಮೇಲೆ ಗಾಳಿ ಎತ್ತುವ ಬಲವನ್ನು ಉಂಟುಮಾಡುತ್ತದೆ, ಅದೇ ಗಾಳಿ ವೇಗವನ್ನೂ ತಗ್ಗಿಸುತ್ತದೆ. ಎತ್ತರವನ್ನು ಸ್ವಲ್ಪಸ್ವಲ್ಪವೇ ಕಳೆದುಕೊಳ್ಳುವುದರಿಂದ ಮುಂದಕ್ಕೆ ಸಾಗುವ ವೇಗ ಉಳಿಯುತ್ತದೆ.

ಚಿಕ್ಕವರಿಗೆ ಇಷ್ಟು ಮಾತೂ ಬೇಕಿಲ್ಲ. ಒಂದು ಹಾಳೆಯನ್ನು ಉಂಡೆ ಮಾಡಿ, ಇನ್ನೊಂದನ್ನು ಹಾಗೇ ಬಿಡಿಸಿ ಹಿಡಿದು, ಎರಡನ್ನೂ ಒಂದೇ ಎತ್ತರದಿಂದ ಬಿಟ್ಟು ತೋರಿಸಿದರೆ ಗಾಳಿ ಎಂಬುದೊಂದಿದೆ, ಅದು ತಡೆಯುತ್ತದೆ ಎಂದು ಅವರಿಗೆ ಕೂಡಲೇ ಮನವರಿಕೆಯಾಗುತ್ತದೆ.

ಎಲ್ಲಿ, ಯಾವ ಹೊತ್ತಿನಲ್ಲಿ ಹಾರಿಸಬೇಕು?

ಫ್ಯಾನು ನಿಲ್ಲಿಸಿದ ಕೋಣೆ, ಶಾಲೆಯ ಪಡಸಾಲೆ ಅಥವಾ ಸಮುದಾಯ ಭವನ ಚೆನ್ನ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟಸಾಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದಕ್ಕೆ ಕಾರಣವಾದ ಗಾಳಿಯೇ ಆಷಾಢದಲ್ಲಿ ಊರಿನ ಬಯಲುಗಳಲ್ಲೂ ಬೀಸುತ್ತದೆ. ಗಾಳಿಪಟಕ್ಕೆ ಒಳ್ಳೆಯದಾದ ಆ ಗಾಳಿ ಐದು ಗ್ರಾಂ ಕಾಗದಕ್ಕೆ ವಿಪರೀತವಾಯಿತು. ಆ ದಿನಗಳಲ್ಲಿ ಒಳಾಂಗಣವೇ ಸರಿ. ಬೇಸಿಗೆಯಲ್ಲಾದರೆ ದಾವಣಗೆರೆಯ ಬಿಸಿಲು ಏರುವ ಮೊದಲೇ, ಬೆಳಿಗ್ಗೆ ಒಂಬತ್ತರೊಳಗೆ ಬಯಲಿನ ಆಟವನ್ನು ಮುಗಿಸಬೇಕು. ಚಿತ್ರದುರ್ಗದ ಕೋಟೆಯ ಗೋಡೆಗಳ ಮೇಲಿಂದ ಹಾರಿಸೋಣ ಎಂದು ದೊಡ್ಡ ಮಕ್ಕಳು ಕೇಳುವುದುಂಟು. ಅಂಚಿನಲ್ಲಿ ಬೀಳುವ ಅಪಾಯವಿದೆ, ಅಲ್ಲದೆ ಅದು ಸಂರಕ್ಷಿತ ಸ್ಮಾರಕವಾದ್ದರಿಂದ ಅಲ್ಲಿ ಕಾಗದ ಚೆಲ್ಲುವುದು ಸಲ್ಲದು.

ಸ್ಪರ್ಧೆ ಇಡಬಹುದೇ?

ದೂರವೊಂದನ್ನೇ ಅಳೆದರೆ ಪ್ರತಿ ಸಲವೂ ತೋಳಿನ ಬಲವುಳ್ಳವರೇ ಗೆಲ್ಲುತ್ತಾರೆ. ಗುರಿಯಾಗಿಟ್ಟ ಬುಟ್ಟಿಯೊಳಗೆ ಇಳಿಸುವುದು, ಹೆಚ್ಚು ಹೊತ್ತು ತೇಲಿಸುವುದು, ತಟ್ಟೆಯನ್ನು ಸದ್ದು ಮಾಡಿಸುವುದು, ತನ್ನದೇ ಹಿಂದಿನ ದೂರವನ್ನು ಮೀರುವುದು ಇವೆಲ್ಲ ಒಳ್ಳೆಯ ಪಂದ್ಯಗಳು. ಇಬ್ಬಿಬ್ಬರ ಜೋಡಿ ಮಾಡಿ ಒಬ್ಬರು ಮಡಚಿ ಇನ್ನೊಬ್ಬರು ಹಾರಿಸಿದರೂ ಆಯಿತು, ಆದರೆ ಮರುಸಲ ಕೆಲಸ ಅದಲುಬದಲಾಗಬೇಕು. ಚಿಕ್ಕವರು ದೂರವನ್ನು ಹೆಜ್ಜೆಯಲ್ಲೋ ಮಾರಿನಲ್ಲೋ ಅಳೆಯಲಿ. ವೀಲ್‌ಚೇರಿನ ಮಗು ಚಕ್ರದ ಸುತ್ತುಗಳಲ್ಲಿ ಅಳೆಯಬಹುದು.

ದಾಖಲೆಗಳ ಬಗ್ಗೆ ಅಣ್ಣ ಅಕ್ಕಂದಿರು ಕೇಳುವುದರಿಂದ ಹೇಳುತ್ತೇನೆ. 2022ರ ಡಿಸೆಂಬರಿನಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಮೂವರು ಯುವ ಎಂಜಿನಿಯರುಗಳ ವಿಮಾನ 88.318 ಮೀಟರ್ ದೂರ ಸಾಗಿ ವಿಶ್ವದಾಖಲೆಯಾಯಿತು. ಜಪಾನಿನ ತಕುವೊ ತೋದಾ 2010ರಲ್ಲಿ ತಮ್ಮ ವಿಮಾನವನ್ನು 29.2 ಸೆಕೆಂಡು ಗಾಳಿಯಲ್ಲಿ ಉಳಿಸಿದರು.

ಸುರಕ್ಷತೆಗೆ ಏನೇನು ಗಮನಿಸಬೇಕು?

ಕಣ್ಣೇ ಮುಖ್ಯ. ಎಲ್ಲ ವಿಮಾನಗಳ ಚೂಪು ಮೂತಿಯನ್ನು ಒಂದು ಬೆರಳಗಲ ಒಳಕ್ಕೆ ಮಡಚಿ ಮೊಂಡು ಮಾಡಿಸಿ. ಎಲ್ಲರೂ ಒಂದೇ ದಿಕ್ಕಿಗೆ ಎಸೆಯಬೇಕು ಮತ್ತು ಕೊನೆಯ ವಿಮಾನ ನೆಲ ಮುಟ್ಟಿದ ಮೇಲೆಯೇ ಹೆಕ್ಕಲು ಹೋಗಬೇಕು. ಸ್ಟೇಪ್ಲರ್ ಪಿನ್ನು ಬೇಡ. ವಸ್ತುಗಳನ್ನು ಬಾಯಿಗೆ ಹಾಕುವ ಮಕ್ಕಳಿರುವ ಕಡೆ ಗೆಜ್ಜೆ, ಜೆಮ್ ಕ್ಲಿಪ್ ಎರಡನ್ನೂ ಬಿಟ್ಟು ಟೇಪಿನಿಂದಲೇ ಭಾರ ಕೊಡಬೇಕು.

ಮಗುವಿನ ಕೈಚಲನೆಯ ಬಗ್ಗೆ ಹೆಚ್ಚಿನ ಸಲಹೆ ಬೇಕಾದರೆ ಯಾರನ್ನು ಕೇಳಬೇಕು?

ಸರ್ಕಾರಿ ಶಾಲೆಗಳವರು ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಬಹುದು. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ನೆರವಾಗುವುದೇ ಅವರ ಕೆಲಸ. ದಾವಣಗೆರೆಯಲ್ಲಿ ಅಂಗವಿಕಲರ ಪುನರ್ವಸತಿಗಾಗಿ ಕೇಂದ್ರ ಸರ್ಕಾರದ ಸಂಯೋಜಿತ ಪ್ರಾದೇಶಿಕ ಕೇಂದ್ರವೂ (ಸಿಆರ್‌ಸಿ) ಇದೆ. ಹೋಗುವಾಗ ಮಗು ಮಡಚಿದ ಒಂದೆರಡು ಹಾಳೆಗಳನ್ನು ಜೊತೆಗೆ ಒಯ್ಯಿರಿ. ಯಾವ ಮಡಿಕೆಯವರೆಗೆ ಸರಾಗವಾಗಿ ಬಂದಿದೆ, ಎಲ್ಲಿ ಹಾಳೆ ಸುಕ್ಕುಗಟ್ಟಿದೆ ಎಂಬುದನ್ನು ಹಾಳೆಯೇ ತೋರಿಸುತ್ತದೆ.

ಮಗು ಎಷ್ಟು ಕರೆದರೂ ಹಾಳೆ ಮುಟ್ಟಲು ಒಪ್ಪದಿದ್ದರೆ?

ಒತ್ತಾಯ ಬೇಡ. ಕೆಲವರಿಗೆ ಒಣ ಕಾಗದದ ಸ್ಪರ್ಶವೇ ಹಿಡಿಸುವುದಿಲ್ಲ, ಕೆಲವರಿಗೆ ತಪ್ಪಾದೀತೆಂಬ ಅಂಜಿಕೆ. ಮೊದಲನೆಯವರಿಗೆ ಬಟ್ಟೆಯಂತೆ ಮೆತ್ತಗಿರುವ ಹಳೆಯ ದಿನಪತ್ರಿಕೆಯನ್ನೋ ನುಣುಪಾದ ಬಣ್ಣದ ಹಾಳೆಯನ್ನೋ ಕೊಟ್ಟು ನೋಡಿ. ಅಂಜುವವರಿಗೆ ಈಗಾಗಲೇ ಹರಿದ, ಗೀಚಿದ ಹಾಳೆ ಕೊಡಿ. ಕೆಡಿಸಲು ಏನೂ ಉಳಿದಿಲ್ಲದ ಹಾಳೆಯ ಮೇಲೆ ಕೈ ಧೈರ್ಯವಾಗಿ ಆಡುತ್ತದೆ. ಅದಕ್ಕೂ ಒಪ್ಪದ ಮಗುವಿಗೆ ಹೊರಡುವ ಸೂಚನೆಯ ಕರವಸ್ತ್ರವನ್ನು ಕೊಟ್ಟು ಆಟದ ಮುಂದಾಳನ್ನಾಗಿ ಮಾಡಿ, ಬೆಂಚಿನ ತುದಿಯಲ್ಲಿ ಅದರ ಹೆಸರು ಬರೆದ ಒಂದು ಖಾಲಿ ಹಾಳೆಯನ್ನು ಇಟ್ಟಿರಿ.